ಮುಖ ಕಾಣದೆ ಬಂದ ಕಂಠ

1966ರ ಜನವರಿ. ಅಮೆರಿಕದಲ್ಲಿ 'ಕಂಟ್ರಿ' ಸಂಗೀತ ಬಿತ್ತರಿಸುವ ರೇಡಿಯೊ ಕೇಂದ್ರಗಳಿಗೆ ಆರ್‌ಸಿಎ ವಿಕ್ಟರ್ ಕಂಪೆನಿಯಿಂದ ಹೊಸದೊಂದು ಧ್ವನಿಮುದ್ರಿಕೆ ಬಂತು. ಹಾಡಿನ ಹೆಸರು 'ದಿ ಸ್ನೇಕ್ಸ್ ಕ್ರಾಲ್ ಅಟ್ ನೈಟ್'. ಹಾಡಿದವನು 'ಕಂಟ್ರಿ' ಚಾರ್ಲಿ ಪ್ರೈಡ್. ಹೊಸ ಗಾಯಕನನ್ನು ಪರಿಚಯಿಸುವಾಗ ಮುದ್ರಿಕೆಯ ಜೊತೆ ಆತನ ಭಾವಚಿತ್ರವನ್ನೂ ಕಳಿಸುವುದು ಕಂಪೆನಿಗಳ ರೂಢಿ. ಗಾಯಕ ನಗುತ್ತಿರಬೇಕು, ಕೈಯಲ್ಲಿ ಗಿಟಾರ್ ಇರಬೇಕು, ತಲೆಯ ಮೇಲೆ ಸಾಧ್ಯವಾದರೆ ಅಗಲ ಅಂಚಿನ ಹ್ಯಾಟು. ಈ ಸಲ ಮಾತ್ರ ಭಾವಚಿತ್ರ ಇರಲಿಲ್ಲ.

ಅದು ಮರೆವಿನಿಂದ ಆದದ್ದಲ್ಲ. ಅಳೆದು ಸುರಿದು ಮಾಡಿದ ತೀರ್ಮಾನ. ಗಾಯಕ ಕಪ್ಪು ಜನಾಂಗದವನು. ಕಂಟ್ರಿ ಸಂಗೀತವೋ ಬಿಳಿಯರದ್ದು, ಅದರಲ್ಲೂ ದಕ್ಷಿಣದ ಬಿಳಿಯರದ್ದು ಎಂದು ಹಾಡುವವರು, ಮಾರುವವರು, ಕೇಳುವವರು ಎಲ್ಲರೂ ಒಪ್ಪಿಕೊಂಡಿದ್ದ ಕಾಲ. ಫೋಟೊ ಮೊದಲು ಹೋದರೆ ತಟ್ಟೆ ತಿರುಗುವುದೇ ಇಲ್ಲ ಎಂಬುದು ಕಂಪೆನಿಯ ಲೆಕ್ಕಾಚಾರ. ಕಂಠ ಮೊದಲು ಹೋಗಲಿ, ಮುಖ ಹಿಂದೆ ಬರಲಿ ಎಂದರು.

ಹಾಗೆ ಹೋದ ಕಂಠ ಐದೇ ವರ್ಷಗಳಲ್ಲಿ, 1971ರಲ್ಲಿ, ಕಂಟ್ರಿ ಸಂಗೀತ ಸಂಘದ 'ವರ್ಷದ ರಂಜಕ' ಎಂಬ ಅತ್ಯುನ್ನತ ಪ್ರಶಸ್ತಿಯನ್ನು ಗೆದ್ದಿತು. ಈ ಐದು ವರ್ಷಗಳನ್ನು ಅರ್ಥ ಮಾಡಿಕೊಳ್ಳಬೇಕಾದರೆ ಅದಕ್ಕೆ ಹಿಂದಿನ ಮೂವತ್ತು ವರ್ಷಗಳನ್ನೂ, ಅದಕ್ಕೂ ಮೊದಲು ಈ ಸಂಗೀತ ಬಿಳಿಯರ ಸೊತ್ತಾದ ಬಗೆಯನ್ನೂ ನೋಡಬೇಕು.

ಎರಡು ಪಟ್ಟಿಗಳು

'ಕಂಟ್ರಿ' ಎಂದರೆ ಹಳ್ಳಿಗಾಡು. ಆದರೆ ಕಂಟ್ರಿ ಸಂಗೀತವೆಂದರೆ ನಮ್ಮ ಜಾನಪದದ ಹಾಗೆ ಕಟ್ಟಿದವರ ಹೆಸರು ಗೊತ್ತಿಲ್ಲದೆ ಬಾಯಿಂದ ಬಾಯಿಗೆ ಹರಿದು ಬಂದದ್ದು ಎಂದು ತಿಳಿಯಬೇಕಾಗಿಲ್ಲ. ಅದರ ಬೇರು ಅಲ್ಲಿರುವುದು ನಿಜ. ಮರ ಬೆಳೆದದ್ದು ಮಾತ್ರ ಗ್ರಾಮಫೋನು ಮತ್ತು ರೇಡಿಯೊಗಳ ಪೇಟೆಯಲ್ಲಿ. ಹಾಡು ಬರೆಯುವವರು ಬೇರೆ, ಹಾಡುವವರು ಬೇರೆ, ಹಕ್ಕುಗಳನ್ನು ಇಟ್ಟುಕೊಳ್ಳುವ ಪ್ರಕಾಶಕರು ಇನ್ನೂ ಬೇರೆ. ನಮ್ಮ ಸಿನಿಮಾ ಹಾಡಿನ ವ್ಯವಹಾರಕ್ಕೆ ಇದು ಹೆಚ್ಚು ಹತ್ತಿರ.

1920ರ ದಶಕದಲ್ಲಿ ಅಮೆರಿಕದ ಧ್ವನಿಮುದ್ರಣ ಕಂಪೆನಿಗಳು ದಕ್ಷಿಣದ ಹಳ್ಳಿಗಳಲ್ಲಿ ಗಿರಾಕಿಗಳಿದ್ದಾರೆಂದು ಕಂಡುಕೊಂಡವು. ಸರಕನ್ನು ಎರಡು ಪಟ್ಟಿಗಳಾಗಿ ಒಡೆದವು. ಕಪ್ಪು ಜನ ಹಾಡಿ ಕಪ್ಪು ಜನ ಕೊಳ್ಳುವ ತಟ್ಟೆಗಳು 'ರೇಸ್' ಪಟ್ಟಿಗೆ. ಬಿಳಿಯ ರೈತರು, ಗಿರಣಿ ಕಾರ್ಮಿಕರು ಹಾಡಿ ಅಂಥವರೇ ಕೊಳ್ಳುವ ತಟ್ಟೆಗಳು 'ಹಿಲ್‌ಬಿಲಿ' ಪಟ್ಟಿಗೆ. ವಾಸ್ತವದಲ್ಲಿ ಹಳ್ಳಿಯ ಸಂಗೀತಗಾರರು ಹಾಗೆ ಬೇರೆಯಾಗಿ ಇರಲೇ ಇಲ್ಲ. ಕಂಟ್ರಿಯ ಗುರುತೇ ಆಗಿರುವ ಬ್ಯಾಂಜೊ ವಾದ್ಯದ ಮೂಲ ಆಫ್ರಿಕ. ಗುಲಾಮರಾಗಿ ಬಂದವರು ಅದನ್ನು ಅಮೆರಿಕದಲ್ಲಿ ಕಟ್ಟಿಕೊಂಡರು. 1927ರಲ್ಲಿ ಮೊದಲು ಧ್ವನಿಮುದ್ರಿಸಿ ಕಂಟ್ರಿಯ ಆದಿ ಕುಟುಂಬವೆಂದು ಹೆಸರಾದ ಕಾರ್ಟರ್ ಕುಟುಂಬದ ಎ.ಪಿ. ಕಾರ್ಟರ್ ಹಾಡು ಸಂಗ್ರಹಿಸಲು ಊರೂರು ಅಲೆದಾಗ ಜೊತೆಗಿದ್ದು ರಾಗಗಳನ್ನು ನೆನಪಿಟ್ಟುಕೊಂಡವನು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕ. ಮುಂದೆ ಮಹಾಗಾಯಕನಾದ ಹ್ಯಾಂಕ್ ವಿಲಿಯಮ್ಸ್‌ಗೆ ಬಾಲ್ಯದಲ್ಲಿ ಅಲಬಾಮದ ಬೀದಿಯಲ್ಲಿ ಪಾಠ ಹೇಳಿದವನು ರೂಫಸ್ ಪೇನ್ ಎಂಬ ಕಪ್ಪು ಹಾಡುಗಾರ. ಅಂಗಡಿಯ ಪಟ್ಟಿ ಎರಡಾಯಿತು. ಕೆಲವು ದಶಕಗಳಲ್ಲಿ ಜನ ಆ ಪಟ್ಟಿಯನ್ನೇ ಸಂಗೀತದ ಸ್ವಭಾವ ಎಂದು ನಂಬಿಬಿಟ್ಟರು.

ಆದರೂ ಒಬ್ಬನಿದ್ದ. ನ್ಯಾಶ್‌ವಿಲ್ ನಗರದಲ್ಲಿ ವಿಮಾ ಕಂಪೆನಿಯೊಂದು ನಡೆಸುತ್ತಿದ್ದ ಡಬ್ಲ್ಯುಎಸ್‌ಎಂ ರೇಡಿಯೊ ಕೇಂದ್ರದ ಶನಿವಾರ ರಾತ್ರಿಯ ಕಾರ್ಯಕ್ರಮ 'ಗ್ರ್ಯಾಂಡ್ ಓಲ್ ಆಪ್ರಿ'. ಕಂಟ್ರಿ ಸಂಗೀತಕ್ಕೆ ಇದು ದೇವಸ್ಥಾನವಿದ್ದ ಹಾಗೆ. ಅದರ ಮೊದಲ ತಾರೆಗಳಲ್ಲಿ ಒಬ್ಬ ಡಿಫೋರ್ಡ್ ಬೇಲಿ. ಬಾಯಿಗೆ ಹಿಡಿವ ಪುಟ್ಟ ಹಾರ್ಮೋನಿಕದಲ್ಲಿ ಓಡುವ ರೈಲನ್ನೇ ಕೇಳಿಸುತ್ತಿದ್ದ ಕಪ್ಪು ವಾದಕ. 1928ರಲ್ಲಿ ವರ್ಷದ 52 ವಾರಗಳ ಪೈಕಿ 49 ವಾರ ಅವನ ವಾದನ ಇತ್ತು. ಪ್ರವಾಸಕ್ಕೆ ಹೋದಾಗ ಮಾತ್ರ ಜೊತೆಯವರು ಇಳಿದುಕೊಳ್ಳುವ ಹೋಟೆಲಿನಲ್ಲಿ ಅವನಿಗೆ ಜಾಗವಿಲ್ಲ, ಅವರು ಉಣ್ಣುವಲ್ಲಿ ಊಟವಿಲ್ಲ. 1941ರಲ್ಲಿ ಅವನನ್ನು ತೆಗೆದುಹಾಕಿದರು. ಬೇಲಿ ಅದೇ ನಗರದಲ್ಲಿ ಬೂಟು ಪಾಲಿಶ್ ಅಂಗಡಿ ನಡೆಸುತ್ತ ದಶಕಗಳನ್ನು ಕಳೆದ.

ಬೇಲಿಯನ್ನು ಹೊರಹಾಕಿದ ವರ್ಷ ಚಾರ್ಲಿ ಪ್ರೈಡ್‌ಗೆ ಏಳು ವಯಸ್ಸು. ಆಪ್ರಿಯ ಅಲೆಗಳು ತಲುಪುವ ದೂರದಲ್ಲೇ, ಮಿಸಿಸಿಪಿ ರಾಜ್ಯದ ಸ್ಲೆಜ್ ಎಂಬ ಸಣ್ಣ ಊರಿನ ಬಳಿ ಹತ್ತಿ ಬಿಡಿಸುತ್ತಿದ್ದ.

ಹತ್ತಿ ಹೊಲದ ರೇಡಿಯೊ

ಹುಟ್ಟಿದ್ದು 1934ರ ಮಾರ್ಚ್ 18ರಂದು. ಹನ್ನೊಂದು ಮಕ್ಕಳ ಮನೆ. ಅಪ್ಪ ಮ್ಯಾಕ್ ಪ್ರೈಡ್ ಬೇರೆಯವರ ಭೂಮಿಯಲ್ಲಿ ಪಾಲಿಗೆ ದುಡಿಯುವ ರೈತ. ನಮ್ಮಲ್ಲಿ ಕೋರು ಎಂದೋ ವಾರ ಎಂದೋ ಕರೆಯುತ್ತಿದ್ದ ಪದ್ಧತಿಯ ಸೋದರ ಇದು. ಭೂಮಾಲೀಕನೇ ಬೀಜ ಕೊಡುತ್ತಾನೆ, ಅಂಗಡಿಯಲ್ಲಿ ಸಾಲ ಕೊಡುತ್ತಾನೆ, ಕೊಯ್ಲಿನ ನಂತರ ಲೆಕ್ಕವನ್ನೂ ತಾನೇ ಬರೆಯುತ್ತಾನೆ. 1974ರ ಭೂಸುಧಾರಣೆಗೆ ಮುಂಚಿನ ಗೇಣಿ ಲೆಕ್ಕ ಕಂಡ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗನಿಗೆ ಅಪ್ಪ ಇಡಬೇಕೆಂದಿದ್ದ ಹೆಸರು 'ಚಾರ್ಲ್'. ಜನನ ಪತ್ರದಲ್ಲಿ ಬರೆದವರ ಕೈತಪ್ಪಿನಿಂದ 'ಚಾರ್ಲಿ' ಆಯಿತು, ಹಾಗೇ ಉಳಿಯಿತು.

ಮನೆಯಲ್ಲಿ ಒಂದು ಫಿಲ್ಕೊ ರೇಡಿಯೊ ಇತ್ತು. ಅದರ ಗುಬುಟು ತಿರುಗಿಸುವ ಅಧಿಕಾರ ಅಪ್ಪನೊಬ್ಬನದೇ. ಅಪ್ಪನಿಗೆ ಇಷ್ಟವಾಗಿದ್ದದ್ದು ಶನಿವಾರದ ಆಪ್ರಿ. ಇದು ವಿಚಿತ್ರವೆನಿಸಬಹುದು. ಮಿಸಿಸಿಪಿ ನದಿಯ ಆ ಬಯಲುಸೀಮೆ ಬ್ಲೂಸ್ ಸಂಗೀತದ ತವರು. ಮಡ್ಡಿ ವಾಟರ್ಸ್, ಬಿ.ಬಿ. ಕಿಂಗ್ ಮುಂತಾದವರು ಅಲ್ಲಿಂದಲೇ ಎದ್ದು ಬಂದವರು. ಆದರೆ ರೇಡಿಯೊ ಅಲೆಗೆ ಬಣ್ಣಭೇದ ಗೊತ್ತಿಲ್ಲ. ಬಿಳಿಯರ ಶಾಲೆಗೆ, ಬಿಳಿಯರ ಹೋಟೆಲಿಗೆ, ಬಿಳಿಯರ ಬಸ್ಸಿನ ಮುಂದಿನ ಸೀಟಿಗೆ ಹೋಗಲಾಗದ ಹುಡುಗನ ಮನೆಯೊಳಕ್ಕೆ ಬಿಳಿಯರ ಸಂಗೀತ ಯಾರ ಅಪ್ಪಣೆಯೂ ಇಲ್ಲದೆ ಬಂದು ಕೂರುತ್ತಿತ್ತು. ಹುಡುಗ ಅದನ್ನು ಬಿಳಿಯರದ್ದೆಂದು ಕೇಳಲಿಲ್ಲ. ಮನೆಯದೆಂದು ಕೇಳಿದ. ಹ್ಯಾಂಕ್ ವಿಲಿಯಮ್ಸ್, ರಾಯ್ ಏಕಫ್, ಅರ್ನೆಸ್ಟ್ ಟಬ್ ಇವರ ಹಾಡುಗಳನ್ನು ಅವರದೇ ಉಚ್ಚಾರದಲ್ಲಿ ಹೊಲದಲ್ಲಿ ಗುನುಗಿದ. ಅವರ ಹಾಡು ನಿನಗೇಕೆ ಎಂದು ಒಡಹುಟ್ಟಿದವರೇ ಛೇಡಿಸುತ್ತಿದ್ದರು. ಹದಿನಾಲ್ಕನೇ ವಯಸ್ಸಿನಲ್ಲಿ ಸಿಯರ್ಸ್ ಕಂಪೆನಿಯ ಗಿಟಾರ್ ಒಂದನ್ನು ಕೊಂಡು, ಕಲಿಸುವವರಿಲ್ಲದೆ, ರೇಡಿಯೊದಲ್ಲಿ ಕೇಳಿದ ಶ್ರುತಿಗೆ ತಂತಿ ಬಿಗಿದುಕೊಂಡು ನುಡಿಸಲು ಕಲಿತ.

ಆದರೂ ಗಾಯಕನಾಗಬೇಕೆಂಬುದು ಅವನ ಮೊದಲ ಕನಸಾಗಿರಲಿಲ್ಲ. 1947ರಲ್ಲಿ ಜಾಕಿ ರಾಬಿನ್ಸನ್ ಎಂಬ ಕಪ್ಪು ಆಟಗಾರ ಬ್ರೂಕ್ಲಿನ್ ಡಾಡ್ಜರ್ಸ್ ತಂಡ ಸೇರಿ, ಬಿಳಿಯರಿಗಷ್ಟೇ ಮೀಸಲಾಗಿದ್ದ ದೊಡ್ಡ ಬೇಸ್‌ಬಾಲ್ ಲೀಗಿನ ಬಾಗಿಲು ತೆರೆದಿದ್ದ. ಹದಿಮೂರರ ಚಾರ್ಲಿಗೆ ಹತ್ತಿ ಹೊಲದಿಂದ ಹೊರಗೆ ಹೋಗುವ ದಾರಿ ಕಂಡದ್ದು ಅಲ್ಲಿ.

ಒಂದು ಬಸ್ಸಿನ ಬೆಲೆ

ಹದಿಹರೆಯದಲ್ಲೇ ಮನೆ ಬಿಟ್ಟ. 1952ರ ಹೊತ್ತಿಗೆ ಕಪ್ಪು ಆಟಗಾರರ ಪ್ರತ್ಯೇಕ ಲೀಗಿನ ಮೆಂಫಿಸ್ ರೆಡ್ ಸಾಕ್ಸ್ ತಂಡದಲ್ಲಿ ಚೆಂಡೆಸೆಯುತ್ತಿದ್ದ. ಮರುವರ್ಷ ನ್ಯೂಯಾರ್ಕ್ ಯಾಂಕೀಸ್‌ನ ಕೆಳಹಂತದ ತಂಡವೊಂದು ಕರೆಯಿತು, ಬಲಗೈಗೆ ಪೆಟ್ಟಾಗಿ ಎಸೆತದ ವೇಗ ಹೋಯಿತು, ಕೈಬಿಟ್ಟರು. ಆಮೇಲೆ ಲೂಯಿವಿಲ್ ಕ್ಲಿಪರ್ಸ್ ಎಂಬ ತಂಡ. ಆ ತಂಡಕ್ಕೆ ಊರೂರು ತಿರುಗಲು ಬಸ್ಸಿಲ್ಲ, ಕೊಳ್ಳಲು ಹಣವಿಲ್ಲ. ಅವರು ಪ್ರೈಡ್‌ನನ್ನೂ ಇನ್ನೊಬ್ಬ ಆಟಗಾರನನ್ನೂ ಬರ್ಮಿಂಗ್‌ಹ್ಯಾಮ್ ಬ್ಲ್ಯಾಕ್ ಬ್ಯಾರನ್ಸ್ ತಂಡಕ್ಕೆ ಕೊಟ್ಟು, ಬದಲಿಗೆ ಹಳೆಯ ಬಸ್ಸೊಂದನ್ನು ತಂದುಕೊಂಡರು. ಬಳಸಿದ ವಾಹನಕ್ಕೆ ವಿನಿಮಯವಾದ ಆಟಗಾರರು ಚರಿತ್ರೆಯಲ್ಲಿ ತಾವಿಬ್ಬರೇ ಇರಬೇಕೆಂದು ಪ್ರೈಡ್ ಆಮೇಲೆ ನಗುತ್ತ ಹೇಳಿಕೊಳ್ಳುತ್ತಿದ್ದ. ನಗು ಸರಿ. ಹೇಳುತ್ತಿದ್ದವನ ಪೂರ್ವಿಕರು ಮಾರಾಟವಾದವರು ಎಂಬುದು ನೆನಪಾದರೆ ಕೇಳುವವರ ನಗು ಅರ್ಧಕ್ಕೇ ನಿಲ್ಲುತ್ತದೆ.

1956ರಲ್ಲಿ ಮೆಂಫಿಸ್‌ನಲ್ಲಿ ಭೇಟಿಯಾದ ರೋಝೀನ್ ಎಂಬಾಕೆಯನ್ನು ಮದುವೆಯಾದ. ಅದೇ ವರ್ಷ ಕಡ್ಡಾಯ ಸೇನಾ ಸೇವೆಗೆ ಕರೆ ಬಂತು. ಸೇನೆಯಿಂದ ಬಂದ ಮೇಲೆ 1960ರಲ್ಲಿ ಬೇಸ್‌ಬಾಲ್ ಅವನನ್ನು ಕೆನಡಾದ ಗಡಿಯಲ್ಲಿರುವ ಮೊಂಟಾನ ರಾಜ್ಯಕ್ಕೆ ಒಯ್ದಿತು. ಅಲ್ಲಿನ ಮಿಸೂಲ ತಂಡದಲ್ಲಿ ನಾಲ್ಕು ದಿನ ಆಡಿದನೋ ಇಲ್ಲವೋ, ಹೊರಗೆ ಬಿದ್ದ. ಕೊನೆಗೆ ಪೂರ್ವ ಹೆಲೆನಾದ ಸೀಸ ಕರಗಿಸುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ಆ ಕಾರ್ಖಾನೆಗೆ ತನ್ನದೇ ಬೇಸ್‌ಬಾಲ್ ತಂಡವಿತ್ತು. ಆಟ ಬಲ್ಲವರಿಗೆಂದೇ ಕೆಲವು ಹುದ್ದೆಗಳನ್ನು ಇಟ್ಟಿದ್ದರು. ನಮ್ಮ ಬ್ಯಾಂಕುಗಳಲ್ಲಿ, ರೈಲ್ವೆಯಲ್ಲಿ ಕ್ರೀಡಾಪಟುಗಳಿಗೆ ಕೆಲಸ ಕೊಡುವುದಿಲ್ಲವೆ, ಹಾಗೆ. ವ್ಯತ್ಯಾಸವೆಂದರೆ ಇಲ್ಲಿ ಮೇಜು ಕುರ್ಚಿ ಇರಲಿಲ್ಲ. ರೈಲು ಬೋಗಿಯಿಂದ ಕಲ್ಲಿದ್ದಲು ಇಳಿಸಿ, 1,300 ಡಿಗ್ರಿ ಸೆಲ್ಸಿಯಸ್ ಮೀರಿ ಉರಿಯುವ ಕುಲುಮೆಗೆ ಸಲಿಕೆಯಿಂದ ತುಂಬುವ ಕೆಲಸ. ಕಾದ ಕಿಟ್ಟ ಸಿಡಿದು ಮೈ ಸುಡುವುದು ಮಾಮೂಲು.

ತಂಡದ ಮ್ಯಾನೇಜರನಿಗೆ ಇವನು ಹಾಡುತ್ತಾನೆಂದು ಗೊತ್ತಾಯಿತು. ಆಟಕ್ಕೆ ಮೊದಲು ಹದಿನೈದು ನಿಮಿಷ ಹಾಡಿದರೆ ಜನ ಸೇರುತ್ತಾರೆ ಎಂದ. ಆಡಿದ್ದಕ್ಕೆ ಹತ್ತು ಡಾಲರ್, ಹಾಡಿದ್ದಕ್ಕೆ ಇನ್ನೂ ಹತ್ತು. ಹಗಲು ಕುಲುಮೆ, ಸಂಜೆ ಮೈದಾನ, ರಾತ್ರಿ ಆಸುಪಾಸಿನ ಬಾರುಗಳಲ್ಲಿ ಹಾಡು. ಕಪ್ಪು ಜನರೇ ಅಪರೂಪವಾಗಿದ್ದ ಆ ಊರಿನಲ್ಲಿ ಬಾಡಿಗೆ ಮನೆ ಸಿಗುವುದೂ ಕಷ್ಟವಾಗಿತ್ತು. ಆದರೆ ಹಾಡು ಕೇಳಲು ಜನ ಬಂದರು. ದಕ್ಷಿಣದ ಯಾವ ಊರಿನಲ್ಲೂ ಆಗ ಸಾಧ್ಯವಾಗದಿದ್ದ ಒಂದು ತಾಲೀಮು, ಬಿಳಿಯರೇ ತುಂಬಿದ ಸಭೆಯ ಮುಂದೆ ಬಿಳಿಯರದೆನ್ನುವ ಹಾಡನ್ನು ಹಾಡಿ ಅವರ ಮುಖ ಓದುವ ತಾಲೀಮು, ಅವನಿಗೆ ಈ ದೂರದ ಚಳಿನಾಡಿನಲ್ಲಿ ಸಿಕ್ಕಿತು. ಅವನ ಏಳಿಗೆಯ ಕತೆ ಹೇಳುವವರು ಸಾಮಾನ್ಯವಾಗಿ ನ್ಯಾಶ್‌ವಿಲ್‌ನಿಂದ ಶುರು ಮಾಡುತ್ತಾರೆ. ನನಗೆ ಈ ಕುಲುಮೆಯ ವರ್ಷಗಳೇ ಮುಖ್ಯವಾಗಿ ಕಾಣುತ್ತವೆ.

1962ರಲ್ಲಿ ರೆಡ್ ಫೋಲಿ, ರೆಡ್ ಸೊವೈನ್ ಎಂಬ ಇಬ್ಬರು ಹೆಸರುವಾಸಿ ಕಂಟ್ರಿ ಗಾಯಕರು ಮೊಂಟಾನಕ್ಕೆ ಬಂದಾಗ ಇವನನ್ನು ವೇದಿಕೆಗೆ ಕರೆದು ಹಾಡಿಸಿದರು. ನ್ಯಾಶ್‌ವಿಲ್‌ಗೆ ಬಾ ಎಂದು ಸೊವೈನ್ ಹುರಿದುಂಬಿಸಿದ. ಪ್ರೈಡ್‌ಗೆ ಇನ್ನೂ ಚೆಂಡಿನ ಹುಚ್ಚು ಬಿಟ್ಟಿರಲಿಲ್ಲ. ನ್ಯೂಯಾರ್ಕ್ ಮೆಟ್ಸ್ ತಂಡ ಹೊಸದಾಗಿ ಹುಟ್ಟಿದ ದಿನಗಳು. ಅದರ ತರಬೇತಿ ಶಿಬಿರ ಫ್ಲಾರಿಡಾದಲ್ಲಿ. ಸ್ವಂತ ಖರ್ಚಿನಲ್ಲಿ ಅಲ್ಲಿಗೆ ಹೋದ. ಮೈದಾನಕ್ಕೆ ಇಳಿಯಲೂ ಬಿಡದೆ ವಾಪಸು ಕಳಿಸಿದರು. ಊರಿಗೆ ಮರಳುವ ದಾರಿಯಲ್ಲಿ ನ್ಯಾಶ್‌ವಿಲ್‌ನಲ್ಲಿ ಬಸ್ಸಿಳಿದ.

ಟೇಪು ಮೊದಲು, ಸುದ್ದಿ ಆಮೇಲೆ

ಅಲ್ಲಿ ಸಿಕ್ಕವನು ಜಾಕ್ ಜಾನ್ಸನ್, ಹಾಡುಗಳ ಪ್ರಕಾಶನ ಸಂಸ್ಥೆಯೊಂದರಲ್ಲಿ ಪ್ರಚಾರದ ಕೆಲಸದಲ್ಲಿದ್ದ ಬಿಳಿಯ. ಹಾಡು ಕೇಳಿ ಬೆರಗಾಗಿ ತಾನೇ ಮ್ಯಾನೇಜರ್ ಆದ. ಆದರೂ ಎರಡು ವರ್ಷ ಏನೂ ನಡೆಯಲಿಲ್ಲ. ಪ್ರೈಡ್ ಕುಲುಮೆಗೆ ಹಿಂದಿರುಗಿದ. ಟೇಪುಗಳು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಿ ಬರುತ್ತಿದ್ದವು. ದನಿ ಮೆಚ್ಚಿದವರಿಗೂ ಇದನ್ನು ಮಾರುವುದು ಹೇಗೆಂದು ತಿಳಿಯದು. ತಮಾಷೆಯ ಹೆಸರಿಟ್ಟು, ನಗೆವೇಷ ಹಾಕಿಸಿ ವೇದಿಕೆಗೆ ಬಿಡೋಣ ಎಂಬ ಸಲಹೆಯೂ ಬಂದಿತ್ತು. ಕಪ್ಪು ಮನುಷ್ಯ ಬಿಳಿಯರ ಸಭೆಯಲ್ಲಿ ಕೋಡಂಗಿಯಾಗಿ ನಿಂತರೆ ಯಾರಿಗೂ ತಕರಾರಿಲ್ಲ. ಅದು ಅಮೆರಿಕದ ರಂಗದಲ್ಲಿ ನೂರು ವರ್ಷ ನಡೆದು ಬಂದ ಆಟ. ಪ್ರೈಡ್ ಒಪ್ಪಲಿಲ್ಲ. ತನ್ನ ಹೆಸರಿನಲ್ಲಿ, ತನ್ನ ದನಿಯಲ್ಲಿ ಹಾಡುವುದಾದರೆ ಮಾತ್ರ.

ಜಾನಿ ಕ್ಯಾಶ್, ಜೆರ್ರಿ ಲೀ ಲೂಯಿಸ್ ಅವರೊಂದಿಗೆ ಕೆಲಸ ಮಾಡಿ ಹೆಸರಾಗಿದ್ದ ನಿರ್ಮಾಪಕ ಜಾಕ್ ಕ್ಲೆಮೆಂಟ್ 1965ರ ಆಗಸ್ಟ್‌ನಲ್ಲಿ ಎರಡು ಹಾಡುಗಳನ್ನು ಮುದ್ರಿಸಿದ. ಆ ಟೇಪು ಆರ್‌ಸಿಎ ಕಂಪೆನಿಯ ನ್ಯಾಶ್‌ವಿಲ್ ಮುಖ್ಯಸ್ಥ, ಗಿಟಾರ್ ಮಾಂತ್ರಿಕ ಚೆಟ್ ಅಟ್ಕಿನ್ಸ್ ಕೈಗೆ ಬಂತು. ಅಟ್ಕಿನ್ಸ್ ಅದನ್ನು ಕ್ಯಾಲಿಫೋರ್ನಿಯದಲ್ಲಿ ನಡೆದ ಕಂಪೆನಿಯ ಅಧಿಕಾರಿಗಳ ಸಭೆಗೆ ಒಯ್ದ. ಮೊದಲು ಹಾಡು ಕೇಳಿಸಿದ. ಎಲ್ಲರೂ ತಲೆದೂಗಿದ ಮೇಲೆ, ಹಾಡಿದವನು ಕಪ್ಪು ಮನುಷ್ಯ ಎಂದು ತಿಳಿಸಿದ. ಒಮ್ಮೆ ಮೆಚ್ಚಿದ್ದನ್ನು ಇಲ್ಲ ಎನ್ನಲು ಅವರಿಗೂ ಬಾಯಿ ಬರಲಿಲ್ಲ. ಕರಾರಾಯಿತು. ಆ ಸಭೆಯಲ್ಲಿ ಫಲಿಸಿದ ಉಪಾಯವನ್ನೇ ಕಂಪೆನಿ ಇಡೀ ದೇಶದ ಮೇಲೆ ಪ್ರಯೋಗಿಸಿತು: ಫೋಟೊ ಇಲ್ಲದ ತಟ್ಟೆ.

ಇಷ್ಟೊಂದು ಅಂಜಿಕೆ ಏಕೆ ಎಂದು ಇಂದಿನವರಿಗೆ ಅನ್ನಿಸಬಹುದು. ಕಪ್ಪು ಗಾಯಕರನ್ನು ಬಿಳಿಯ ಅಮೆರಿಕ ಆಗಲೂ ಕೇಳುತ್ತಿತ್ತಲ್ಲ? ಕೇಳುತ್ತಿತ್ತು. ರೇ ಚಾರ್ಲ್ಸ್ 1962ರಲ್ಲಿ ಕಂಟ್ರಿ ಹಾಡುಗಳನ್ನೇ ತನ್ನ ಶೈಲಿಗೆ ಒಗ್ಗಿಸಿಕೊಂಡು ಹಾಡಿ ಲಕ್ಷಾಂತರ ತಟ್ಟೆ ಮಾರಿದ್ದ. ಆದರೆ ಅವನು ಹೊರಗಿನಿಂದ ಬಂದು ಹೋದ ನೆಂಟ. ಪ್ರೈಡ್ ಮನೆಯೊಳಗೇ ಪಾಲು ಕೇಳುತ್ತಿದ್ದ. ಜೊತೆಗೆ ಕಂಟ್ರಿ ಹಾಡಿನ ಬಹುಪಾಲು ಪ್ರೇಮಗೀತೆಗಳು. ಕೇಳುವವರಲ್ಲಿ ಬಿಳಿಯ ಹೆಂಗಸರು ಅರ್ಧ. 1955ರಲ್ಲಿ ಎಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕಪ್ಪು ಹುಡುಗ ಅಂಗಡಿಯಲ್ಲಿದ್ದ ಬಿಳಿಯ ಹೆಂಗಸಿನೊಡನೆ ಸಲಿಗೆ ತೋರಿದನೆಂಬ ಆರೋಪಕ್ಕೆ ಕೊಲೆಯಾದದ್ದು ಪ್ರೈಡ್ ಹುಟ್ಟಿದ ಅದೇ ಮಿಸಿಸಿಪಿ ಬಯಲಿನಲ್ಲಿ. ಕೊಂದವರನ್ನು ಬಿಳಿಯರೇ ತುಂಬಿದ ಪಂಚಾಯತರ ಮಂಡಳಿ ಖುಲಾಸೆ ಮಾಡಿತು. ಬಣ್ಣಭೇದವನ್ನು ನಿಷೇಧಿಸಿದ ನಾಗರಿಕ ಹಕ್ಕುಗಳ ಕಾಯಿದೆ ಬಂದದ್ದು 1964ರಲ್ಲಿ. ಕಪ್ಪು-ಬಿಳಿ ವಿವಾಹಕ್ಕೆ ಹಲವು ರಾಜ್ಯಗಳಲ್ಲಿದ್ದ ನಿಷೇಧವನ್ನು ಸುಪ್ರೀಂ ಕೋರ್ಟ್ ತೆಗೆದದ್ದು 1967ರ ಜೂನ್‌ನಲ್ಲಿ, ಪ್ರೈಡ್‌ನ ಮೊದಲ ತಟ್ಟೆ ಬಂದು ಒಂದೂವರೆ ವರ್ಷವಾದ ಮೇಲೆ. ಹೆಂಡತಿಯ ದ್ರೋಹ ಕಂಡು ಗುಂಡು ಹಾರಿಸಿದವನ ಕತೆ ಹೇಳುವ ಹಾಡು ಮೊದಲು ಹೋಯಿತು. ಪ್ರೇಮಗೀತೆಯಾದ 'ಜಸ್ಟ್ ಬಿಟ್ವೀನ್ ಯು ಅಂಡ್ ಮಿ' ಮೂರನೆಯದಾಗಿ ಬಂದು ಮೊದಲ ಹತ್ತರೊಳಗೆ ಸೇರಿತು. ಅಷ್ಟರಲ್ಲಿ ಕೇಳುಗರಿಗೆ ಕಂಠ ರೂಢಿಯಾಗಿತ್ತು.

ಚಪ್ಪಾಳೆ ನಿಂತ ಗಳಿಗೆ

ಕಂಠ ರೂಢಿಯಾದವರ ಎದುರು ಮುಖ ತೋರಿಸುವ ದಿನ ಬಂದೇ ಬರಬೇಕಲ್ಲ. 1966ರಲ್ಲಿ ಡೆಟ್ರಾಯಿಟ್ ನಗರದ ಒಲಿಂಪಿಯ ಕ್ರೀಡಾಂಗಣದಲ್ಲಿ ದೊಡ್ಡ ಕಾರ್ಯಕ್ರಮ. ಹತ್ತು ಸಾವಿರದಷ್ಟು ಜನ, ಬಹುತೇಕ ಬಿಳಿಯರು. ನಿರೂಪಕ ಹೆಸರು ಕೂಗಿದ. ಹಾಡು ರೇಡಿಯೊದಲ್ಲಿ ಕೇಳಿದ್ದ ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಗಾಯಕ ಬೆಳಕಿಗೆ ಬಂದ. ಚಪ್ಪಾಳೆ ಇಳಿಯುತ್ತ ಇಳಿಯುತ್ತ ಪೂರ್ತಿ ನಿಂತುಹೋಯಿತು.

1994ರಲ್ಲಿ ಬಂದ ಆತ್ಮಕತೆಯಲ್ಲೂ, ಹಲವು ಸಂದರ್ಶನಗಳಲ್ಲೂ ಪ್ರೈಡ್ ಈ ಗಳಿಗೆಯನ್ನು ನೆನಪಿಸಿಕೊಂಡಿದ್ದಾನೆ. ಬಿಳಿಯರು ಸಮುದ್ರ ತೀರದಲ್ಲಿ ಬಿಸಿಲಿಗೆ ಮೈಯೊಡ್ಡಿ ಕಂದು ಬಣ್ಣ ಬರಿಸಿಕೊಳ್ಳುವುದು ಗೊತ್ತಲ್ಲ? ಆ ಬಣ್ಣ ತನಗೆ ಖಾಯಮ್ಮಾಗಿ ಹತ್ತಿಬಿಟ್ಟಿದೆ, ಇಂಥವನು ಕಂಟ್ರಿ ಹಾಡಲು ನಿಂತದ್ದು ಸ್ವಲ್ಪ ವಿಚಿತ್ರವೆಂದು ತನಗೂ ಗೊತ್ತು ಎಂದು ತಾನೇ ಹೇಳಿದ. ಸಭೆ ಗೊಳ್ಳೆಂದಿತು. ತನ್ನ ಬಳಿ ಇರುವುದು ಮೂರು ಹಾಡು, ಹತ್ತು ನಿಮಿಷ. ಬಣ್ಣದ ಬಗ್ಗೆ ಮಾತಾಡುತ್ತ ಕಳೆಯಲು ಸಮಯವಿಲ್ಲ ಎಂದು ಸೇರಿಸಿ ಹಾಡಲು ತೊಡಗಿದ. ಮುಗಿದಾಗ ಹಸ್ತಾಕ್ಷರಕ್ಕೆ ಸಾಲು ನಿಂತಿತ್ತು.

ಆ ತಮಾಷೆಯನ್ನು ಮುಂದೆ ಎಷ್ಟೋ ಊರುಗಳಲ್ಲಿ ಹೇಳಬೇಕಾಯಿತು. ಕೆಲವರು ಇದನ್ನು ಜಾಣ್ಮೆ ಎಂದರು. ಮೈಬಣ್ಣಕ್ಕೆ ಕ್ಷಮೆ ಕೇಳಿದಂತಾಯಿತು ಎಂದವರೂ ಇದ್ದಾರೆ. ಎರಡನೆಯ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಹತ್ತು ಸಾವಿರ ಜನ ಒಮ್ಮೆಗೇ ಮೌನವಾದಾಗ ಒಂಟಿಯಾಗಿ ನಿಂತವನು ಕೈಗೆ ಸಿಕ್ಕಿದ ಆಯುಧ ಎತ್ತಿಕೊಂಡ. ಅವನಿಗೆ ಸಿಕ್ಕಿದ್ದು ನಗೆ. ಸಭೆಯ ಮುಜುಗರವನ್ನು ತಾನೇ ಮೊದಲು ಬಾಯಿಬಿಟ್ಟು ಹೇಳಿ, ಅದನ್ನು ಪಕ್ಕಕ್ಕಿಟ್ಟು, ಹಾಡಿಗೆ ಜಾಗ ಮಾಡಿಕೊಳ್ಳುವ ಈ ವಿದ್ಯೆ ಮೊಂಟಾನದ ಬಾರುಗಳಲ್ಲಿ ಕಲಿತದ್ದಿರಬೇಕು.

1967ರ ಜನವರಿ 7. ಆಪ್ರಿಯ ವೇದಿಕೆಗೆ ಪ್ರೈಡ್‌ನನ್ನು ಪರಿಚಯಿಸಿದವನು ಅರ್ನೆಸ್ಟ್ ಟಬ್, ಅಪ್ಪನ ಫಿಲ್ಕೊ ರೇಡಿಯೊದಲ್ಲಿ ಕೇಳುತ್ತಿದ್ದ ಅದೇ ಟಬ್. ಡಿಫೋರ್ಡ್ ಬೇಲಿಯನ್ನು ತೆಗೆದು 26 ವರ್ಷಗಳಾಗುತ್ತಿದ್ದವು. ಕಪ್ಪು ಗಾಯಕನೊಬ್ಬ ತಾನೊಬ್ಬನೇ ನಿಂತು ಅಲ್ಲಿ ಹಾಡಿದ್ದು ಅದೇ ಮೊದಲು. ಹ್ಯಾಂಕ್ ವಿಲಿಯಮ್ಸ್‌ನ ಹಾಡೊಂದನ್ನೂ ತನ್ನ ಮೊದಲ ಮುದ್ರಿಕೆಯ ಹಾಡನ್ನೂ ಹಾಡಿದ. ನಡುಕ ಎಷ್ಟಿತ್ತೆಂದರೆ ಅಂದು ಹೇಗೆ ಹಾಡಿದೆನೋ ತನಗೇ ತಿಳಿಯದು ಎಂದು ಹೇಳಿಕೊಂಡಿದ್ದಾನೆ.

ಬಾಗಿಲು ತೆರೆಯುವುದಕ್ಕೆ ಒಳಗಿನವರ ಕೈಯೂ ಬೇಕಾಯಿತು. ಬಾಯಿಬಡುಕನೆಂದು ಹೆಸರಾಗಿದ್ದ ಫ್ಯಾರನ್ ಯಂಗ್ ಇವನನ್ನು ಪ್ರವಾಸಕ್ಕೆ ಕರೆದೊಯ್ದ. ಇವನ ತಟ್ಟೆ ಹಾಕುವುದಿಲ್ಲ ಎಂದ ರೇಡಿಯೊ ಕೇಂದ್ರಗಳಿಗೆ, ಹಾಗಿದ್ದರೆ ತನ್ನದನ್ನೂ ತೆಗೆಯಿರಿ ಎಂದ. ಟೆಕ್ಸಸ್‌ನಲ್ಲಿ ವಿಲಿ ನೆಲ್ಸನ್ ತುಂಬಿದ ಸಭೆಯೆದುರು ಪ್ರೈಡ್‌ನನ್ನು ತಬ್ಬಿ ಮುತ್ತಿಟ್ಟು ಪರಿಚಯಿಸಿದ. ಸಭೆ ಬೆಚ್ಚಿತು, ಆಮೇಲೆ ಹಾಡು ಕೇಳಿ ಕರಗಿತು. ಒಬ್ಬ ಹಿರಿಯ ಗಾಯಕ ಮಾತ್ರ, ನೀನು ನಮ್ಮ ಸಂಗೀತಕ್ಕೆ ಬಂದದ್ದು ಒಳ್ಳೆಯದಾಯಿತು ಎಂದು ದೊಡ್ಡಮನಸ್ಸು ತೋರಿದಾಗ ಪ್ರೈಡ್ ಮೆಲ್ಲಗೆ ತಿದ್ದಿದನಂತೆ: ಇದು ನನ್ನ ಸಂಗೀತವೂ ಹೌದು.

ಮಾತು ಕಮ್ಮಿ, ತಿದ್ದುಪಡಿ ದೊಡ್ಡದು. ಕಪ್ಪು ಜನರಿಂದಲೂ ಅವನಿಗೆ ಪ್ರಶ್ನೆಗಳು ಬರುತ್ತಿದ್ದವು. ಅವರ ಹಾಗೆ ಏಕೆ ಹಾಡುತ್ತೀಯೆ, ನಮ್ಮವರ ಹಾಗೆ ಏಕಿಲ್ಲ? ಹಕ್ಕುಗಳ ಹೋರಾಟ ಕಾವೇರಿದ್ದ ಆ ವರ್ಷಗಳಲ್ಲಿ ಪ್ರೈಡ್ ವೇದಿಕೆಯಿಂದ ರಾಜಕೀಯ ಮಾತಾಡಲಿಲ್ಲ; ಹಾಡುಗಳಲ್ಲೂ ಬಣ್ಣದ ಸೊಲ್ಲಿಲ್ಲ. ಸಂಗೀತದಲ್ಲಿ ನಮ್ಮದು ಅವರದು ಎಂದು ತಾನು ಕಂಡಿಲ್ಲ ಎಂಬುದಷ್ಟೇ ಅವನ ಉತ್ತರ.

ಏಣಿಯ ತುದಿ

ಮುಂದಿನದು ಬೇಗ ಹೇಳಿ ಮುಗಿಸಬಹುದಾದ ಕತೆ, ಗೆಲುವಿನ ಕತೆಗಳೆಲ್ಲ ಹಾಗೇ. 1969ರಲ್ಲಿ 'ಆಲ್ ಐ ಹ್ಯಾವ್ ಟು ಆಫರ್ ಯು (ಈಸ್ ಮಿ)' ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಅಲ್ಲಿಂದ ಸಾಲಾಗಿ ಆರು ಹಾಡುಗಳು ಅದೇ ಸ್ಥಾನಕ್ಕೆ ಬಂದವು. 1971ರ 'ಕಿಸ್ ಆನ್ ಏಂಜಲ್ ಗುಡ್ ಮಾರ್ನಿಂಗ್' ಕಂಟ್ರಿಯ ಗಡಿ ದಾಟಿ ಪಾಪ್ ಕೇಳುಗರನ್ನೂ ಮುಟ್ಟಿತು. ಅದೇ ವರ್ಷ 'ವರ್ಷದ ರಂಜಕ' ಪ್ರಶಸ್ತಿ. 1971 ಮತ್ತು 1972ರಲ್ಲಿ ಅತ್ಯುತ್ತಮ ಗಾಯಕ ಪ್ರಶಸ್ತಿ. ಒಟ್ಟು ಮೊದಲ ಸ್ಥಾನದ ಹಾಡುಗಳು ಮೂವತ್ತರ ಹತ್ತಿರ, ಮೊದಲ ಹತ್ತರಲ್ಲಿ ಬಂದವು ಐವತ್ತಕ್ಕೂ ಮಿಕ್ಕಿ. ಆರ್‌ಸಿಎ ಕಂಪೆನಿಗೆ ಎಲ್ವಿಸ್ ಪ್ರೆಸ್ಲಿಯ ನಂತರ ಅತಿ ಹೆಚ್ಚು ದುಡ್ಡು ತಂದ ಗಾಯಕರ ಸಾಲಿನಲ್ಲಿ ಇವನ ಹೆಸರು. ಹೊರದೇಶಗಳಲ್ಲೂ ಹಾಗೆ. ಉತ್ತರ ಐರ್ಲೆಂಡ್‌ನ ಬೆಲ್‌ಫಾಸ್ಟ್‌ನಲ್ಲಿ ಬಾಂಬು ಸಿಡಿಯುತ್ತಿದ್ದ 1976ರಲ್ಲಿ, ವಿದೇಶಿ ಕಲಾವಿದರು ಅತ್ತ ಸುಳಿಯಲು ಹೆದರುತ್ತಿದ್ದಾಗ, ಪ್ರೈಡ್ ಹೋಗಿ ಹಾಡಿ ಬಂದ. ಕ್ಯಾಥೊಲಿಕರೂ ಪ್ರಾಟೆಸ್ಟಂಟರೂ ಒಟ್ಟಿಗೆ ಕೂತು ಕೇಳಿದ್ದನ್ನು ಆ ಊರಿನವರು ಬಹಳ ಕಾಲ ನೆನೆಯುತ್ತಿದ್ದರು.

ಗೆದ್ದವನು ದಾರಿ ಮಾಡಿಕೊಟ್ಟ ಎಂದು ಬರೆಯುವುದು ರೂಢಿ. ದಾಖಲೆ ಏನು ಹೇಳುತ್ತದೆ ನೋಡಿ. 1969ರಲ್ಲಿ ಲಿಂಡಾ ಮಾರ್ಟೆಲ್ ಎಂಬಾಕೆ ಆಪ್ರಿಯಲ್ಲಿ ಒಂಟಿಯಾಗಿ ಹಾಡಿದ ಮೊದಲ ಕಪ್ಪು ಮಹಿಳೆಯಾದಳು. ಒಂದೇ ಆಲ್ಬಮ್ ಬಂತು, ಆಮೇಲೆ ಆಕೆ ನ್ಯಾಶ್‌ವಿಲ್ ಬಿಟ್ಟಳು. 1983ರಲ್ಲಿ ಪ್ರೈಡ್‌ನ 'ನೈಟ್ ಗೇಮ್ಸ್' ಕಂಟ್ರಿ ಪಟ್ಟಿಯ ತುದಿಗೆ ಏರಿತು. ಅದಾದ ಮೇಲೆ ಇನ್ನೊಬ್ಬ ಕಪ್ಪು ಗಾಯಕನ ಸ್ವಂತ ಹಾಡು ಅದೇ ತುದಿ ಮುಟ್ಟಿದ್ದು 2008ರಲ್ಲಿ, ಡೇರಿಯಸ್ ರಕರ್‌ನದು. ನಡುವೆ ಇಪ್ಪತ್ತೈದು ವರ್ಷ. ಬಾಗಿಲು ತೆರೆದಿತ್ತು, ಒಬ್ಬನಿಗೆ ಮಾತ್ರ. ಅವನಿದ್ದಾನಲ್ಲ ಎಂಬುದೇ ಇನ್ನೊಬ್ಬರು ಬೇಡವೆನ್ನಲು ಸಬೂಬಾಯಿತೋ ಏನೋ. 2019ರಲ್ಲಿ ಲಿಲ್ ನ್ಯಾಸ್ ಎಕ್ಸ್ ಎಂಬ ಹುಡುಗನ 'ಓಲ್ಡ್ ಟೌನ್ ರೋಡ್' ಹಾಡನ್ನು ಇದರಲ್ಲಿ ಕಂಟ್ರಿಯ ಅಂಶ ಸಾಲದೆಂದು ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯಿಂದ ತೆಗೆದಾಗ 1920ರ ಆ ಎರಡು ಪಟ್ಟಿಗಳು ಅನೇಕರಿಗೆ ಮತ್ತೆ ನೆನಪಾದವು. ಕಪ್ಪು ಗಾಯಕಿಯೊಬ್ಬಳು ಆ ಪಟ್ಟಿಯ ಮೊದಲ ಸ್ಥಾನಕ್ಕೆ ಬರಲು 2024ರ ತನಕ ಕಾಯಬೇಕಾಯಿತು. ಬಂದವಳು ಬಿಯಾನ್ಸೆ; ಆ ವರ್ಷದ ಆಕೆಯ ಆಲ್ಬಮ್‌ನಲ್ಲಿ ಎಂಬತ್ತು ದಾಟಿದ ಲಿಂಡಾ ಮಾರ್ಟೆಲ್‌ಳ ದನಿಯೂ ಇತ್ತು.

ಕಂಟ್ರಿ ಸಂಗೀತದ ಗೌರವ ಸಭಾಂಗಣ 2000ದಲ್ಲಿ ಚಾರ್ಲಿ ಪ್ರೈಡ್‌ನನ್ನು ಸೇರಿಸಿಕೊಂಡಿತು. ಡಿಫೋರ್ಡ್ ಬೇಲಿಗೆ ಆ ಗೌರವ ಬಂದದ್ದು 2005ರಲ್ಲಿ. ಬೇಲಿ ತೀರಿಕೊಂಡು ಆಗ 23 ವರ್ಷವಾಗಿತ್ತು. 2020ರ ನವೆಂಬರ್‌ನಲ್ಲಿ, ಕೋವಿಡ್ ಹಬ್ಬಿದ್ದ ದಿನಗಳಲ್ಲಿ, ಪ್ರೈಡ್‌ಗೆ ಕಂಟ್ರಿ ಸಂಗೀತ ಸಂಘದ ಜೀವಮಾನ ಸಾಧನೆಯ ಪ್ರಶಸ್ತಿ ಕೊಟ್ಟರು. ಯುವ ಕಪ್ಪು ಗಾಯಕ ಜಿಮ್ಮಿ ಆಲೆನ್ ಜೊತೆ ನಿಂತು 86ರ ಮುದುಕ 1971ರ ತನ್ನ ಹಾಡನ್ನು ಮತ್ತೊಮ್ಮೆ ಹಾಡಿದ. ಒಂದು ತಿಂಗಳ ನಂತರ, ಡಿಸೆಂಬರ್ 12ರಂದು, ಕೋವಿಡ್‌ನಿಂದಲೇ ಡಾಲಸ್‌ನಲ್ಲಿ ತೀರಿಕೊಂಡ.